ಸ್ಕೂಲ್ ರೇಟಿಂಗ್ ನೋಡುವ ಮುಂಚೆ ಈ ಸರ್ಕಾರಿ ಸೈಟ್ ನೋಡಿ

ಅಮೆರಿಕದಲ್ಲಿ ಮನೆ ಹುಡುಕುವಾಗ ನಮ್ಮವರು ಮೊದಲು ಕೇಳುವುದು ಅಲ್ಲಿನ ಸ್ಕೂಲಿಗೆ ಹತ್ತಕ್ಕೆ ಎಷ್ಟು ರೇಟಿಂಗ್ ಅಂತ. ಆ ರೇಟಿಂಗಿನಲ್ಲಿ ದೊಡ್ಡ ಪಾಲು ಪರೀಕ್ಷೆಯ ಅಂಕ. ಒಳಗೆ ಯಾವ ಮಗುವನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದು ಅದರಲ್ಲಿ ಗೊತ್ತೇ ಆಗುವುದಿಲ್ಲ. ಅದು ತಿಳಿಯಬೇಕಾದರೆ ಅಮೆರಿಕದ ಶಿಕ್ಷಣ ಇಲಾಖೆಯ ಸಿವಿಲ್ ರೈಟ್ಸ್ ಡೇಟಾ ಕಲೆಕ್ಷನ್ ಸೈಟಿಗೆ ಹೋಗಿ. ದುಡ್ಡು ಕೊಡಬೇಕಿಲ್ಲ.

1968ರಿಂದ ನಡೆದುಬಂದ ಲೆಕ್ಕ ಇದು. ಪಬ್ಲಿಕ್ ಸ್ಕೂಲಿನ (ಅಲ್ಲಿ ಸರ್ಕಾರಿ ಶಾಲೆಗೆ ಹಾಗನ್ನುತ್ತಾರೆ) ಹೆಸರು ಹಾಕಿದರೆ ಎಂಟನೇ ಕ್ಲಾಸಿನಲ್ಲೇ ಆಲ್ಜೀಬ್ರಾ ಯಾರಿಗೆ ಸಿಗುತ್ತಿದೆ, ಎಪಿ ಕ್ಲಾಸುಗಳಲ್ಲಿ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ) ಯಾರಿದ್ದಾರೆ, ಯಾರನ್ನು ಸಸ್ಪೆಂಡ್ ಮಾಡಿದ್ದಾರೆ, ಎಲ್ಲವೂ ಜನಾಂಗವಾರು ಸಿಗುತ್ತದೆ. ಮೊದಲು ಒಟ್ಟು ಮಕ್ಕಳಲ್ಲಿ ಕಪ್ಪು ಮಕ್ಕಳು ಎಷ್ಟು ಪಾಲು ನೋಡಿಕೊಳ್ಳಿ. ಆಮೇಲೆ ಸಸ್ಪೆನ್ಶನ್‌ನಲ್ಲಿ ಎಷ್ಟು, ಎಪಿಯಲ್ಲಿ ಎಷ್ಟು ನೋಡಿ. ಮೂರೂ ಪಕ್ಕಪಕ್ಕ ಇಟ್ಟರೆ ಸಾಕು, ಆ ಸ್ಕೂಲಿನ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ.

ನನ್ನನ್ನು ಕಲಕಿದ್ದು ಪ್ರಿಸ್ಕೂಲ್ ಪಟ್ಟಿ. 2017-18ರಲ್ಲಿ ದೇಶದ ಪಬ್ಲಿಕ್ ಪ್ರಿಸ್ಕೂಲ್‌ಗಳಲ್ಲಿ ಕಪ್ಪು ಮಕ್ಕಳು ಶೇ. 18.2 ಇದ್ದರು, ಆದರೆ ಒಂದು ಸಲವಾದರೂ ಸಸ್ಪೆಂಡ್ ಆಗಿ ಮನೆಗೆ ಹೋದವರಲ್ಲಿ ಅವರು ಶೇ. 43.3. ಮೂರು ನಾಲ್ಕು ವರ್ಷದ ಮಕ್ಕಳು ಇವರು! ಶೂ ಲೇಸ್ ಕಟ್ಟಲೂ ಬಾರದ ಮಗು ಅಂಥದ್ದೇನು ಮಾಡಿರುತ್ತದೆ? ಒಬ್ಬ ಮಗ ತಳ್ಳಿದರೆ ತುಂಟ, ಇನ್ನೊಬ್ಬ ತಳ್ಳಿದರೆ ಅಪಾಯ ಅಂತ ಕಾಣುವ ಕಣ್ಣಿನದ್ದೂ ಇದರಲ್ಲಿ ಪಾಲಿದೆ ಅಂತಲೇ ನನ್ನ ನಂಬಿಕೆ. ಬಣ್ಣ ನೋಡಿ ಬೇರೆ ಸ್ಕೂಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು, ಅಲ್ವಾ? ಈಗ ಒಂದೇ ಕಟ್ಟಡದೊಳಗೇ ಬೇರೆ ಬೇರೆ ದಾರಿ.

ಸೈಟಿನಲ್ಲಿ ಕೊರತೆಗಳೂ ಇವೆ. ಅಂಕಿಗಳು ತುಂಬಾ ಹಳೆಯವು. 2020-21ರದ್ದು ಹೊರಗೆ ಬಂದಿದ್ದೇ 2023ರ ನವೆಂಬರ್‌ನಲ್ಲಿ, ಅದೂ ಕೋವಿಡ್ ವರ್ಷ, ಎಷ್ಟೋ ಮಕ್ಕಳು ಮನೆಯಿಂದಲೇ ಓದುತ್ತಿದ್ದರು, ಹಾಗಾಗಿ ಸಸ್ಪೆನ್ಶನ್ ಕಡಿಮೆ ಕಂಡರೆ ಸುಮ್ನೆ ಖುಷಿಪಡಬೇಡಿ. ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಊರಿನ ಸ್ಕೂಲುಗಳನ್ನು ನಡೆಸುವ ಸ್ಥಳೀಯ ಆಡಳಿತ) ತಾವೇ ತುಂಬಿ ಕಳಿಸುವ ಲೆಕ್ಕ ಇದು, ದೊಡ್ಡ ಸ್ಕೂಲಿನಲ್ಲಿ ಎಲ್ಲ ಕಡೆ ಸೊನ್ನೆ ಇದ್ದರೆ ಅನುಮಾನಪಡಿ. ಇನ್ನೊಂದು, ಏಷ್ಯನ್ ಅಂತ ಒಂದೇ ಕಾಲಂ. ಎಂಜಿನಿಯರ್ ಅಪ್ಪ ಅಮ್ಮಂದಿರ ನಮ್ಮ ಮಕ್ಕಳೂ, ಲಾವೋಸ್ ಕಡೆಯಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಸಮುದಾಯದ ಕುಟುಂಬಗಳ ಮಕ್ಕಳೂ ಅದರಲ್ಲೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸ್ಕೂಲ್ ಬೋರ್ಡ್ ಮೀಟಿಂಗಿಗೆ ಹೋಗುವವರು ನಿಮ್ಮ ಸ್ಕೂಲಿನ ಪುಟ ಪ್ರಿಂಟ್ ತೆಗೆದುಕೊಂಡು ಹೋಗಿ. ಅವರೇ ಕೊಟ್ಟ ಅಂಕಿ, ಅವರೇ ಉತ್ತರ ಹೇಳಲಿ.