ತಮಿಯಾ ಟಿಎಸ್ ಸ್ಪ್ರೇ: ಕೊಡಗಿನ ತೇವದಲ್ಲಿ ಸೂಪರ್‌ಬರ್ಡ್‌ಗೆ ಬಣ್ಣ ಹೊಡೆಯುವವರಿಗೆ

1970ರ ಪ್ಲಿಮತ್ ಸೂಪರ್‌ಬರ್ಡ್ ರೇಸ್ ಕಾರಿನ 1/24 ಮಾಡೆಲಿಗೆ ಜಪಾನಿನ ಮಾಡೆಲ್ ಕಂಪನಿ ತಮಿಯಾದ ಟಿಎಸ್ ಸ್ಪ್ರೇ ಕ್ಯಾನ್ ಒಳ್ಳೆಯ ಆಯ್ಕೆ. ಏರ್‌ಬ್ರಷ್, ಕಂಪ್ರೆಸರ್ ಇಲ್ಲದವರಿಗಂತೂ ಇದೇ ಸಾಕು. ನಳಿಕೆಯಿಂದ ಬಣ್ಣ ಸಣ್ಣ ಹನಿಯಾಗಿ, ಒಂದೇ ಸಮ ಬರುತ್ತದೆ; ಒಣಗಿದ ಪದರ ತೆಳುವಾಗಿರುವುದರಿಂದ ಬಾಗಿಲಿನ ಗೆರೆಗಳು ಮುಚ್ಚಿಹೋಗುವುದಿಲ್ಲ. ಆದರೆ ಇದು ಲ್ಯಾಕರ್, ಅಂದರೆ ಬೇಗ ಆವಿಯಾಗುವ ದ್ರಾವಕದ ಬಣ್ಣ. ಜುಲೈ ತಿಂಗಳ ಮಡಿಕೇರಿಗೂ ಲ್ಯಾಕರಿಗೂ ಆಗಿಬರುವುದಿಲ್ಲ.

ಮೊದಲು ಬಣ್ಣದ ಆಯ್ಕೆ. ಅಮೆರಿಕದ ರೇಸ್ ಚಾಲಕ ರಿಚರ್ಡ್ ಪೆಟ್ಟಿಯ 43ನೇ ನಂಬರಿನ ಕಾರಿಗೂ, 1970ರ ಡೇಟೋನಾ 500 ರೇಸ್ ಗೆದ್ದ ಪೀಟ್ ಹ್ಯಾಮಿಲ್ಟನ್‌ನ 40ನೇ ನಂಬರಿಗೂ ಅದೇ ಪೆಟ್ಟಿ ನೀಲಿ. ಟಿಎಸ್-23 ಲೈಟ್ ಬ್ಲೂ ಅದಕ್ಕೆ ಹತ್ತಿರ ಬರುತ್ತದೆ. ಟಿಎಸ್-10 ಫ್ರೆಂಚ್ ಬ್ಲೂ ಕಣ್ಣಿಗೆ ಗಾಢವಾಗಿ ಕಾಣುತ್ತದೆ. ಅಡಿಗೆ ಬಿಳಿ ಪ್ರೈಮರ್ ಇರಲೇಬೇಕು. ಬೂದು ಪ್ರೈಮರ್ ಮೇಲೆ ಹೊಡೆದರೆ ನೀಲಿ ಮಂಕಾಗಿ, ಆಮೇಲೆ ಎಷ್ಟು ಕೋಟು ಕೊಟ್ಟರೂ ಎದ್ದು ಬರುವುದಿಲ್ಲ.

ಕಿಟ್ ರಸ್ತೆ ಕಾರಿನದಾಗಿದ್ದರೆ ಡಬ್ಬಿ ಅಲ್ಲಾಡಿಸುವ ಮುಂಚೆ ಒಂದಷ್ಟು ಕೆಲಸವಿದೆ. ರಸ್ತೆಯ ಸೂಪರ್‌ಬರ್ಡ್‌ಗೆ ವಿನೈಲ್ ಹೊದಿಸಿದ ಛಾವಣಿ ಇತ್ತು, ಹಿಂಗಾಜಿನ ಸುತ್ತ ಬೆಸೆದ ಗುರುತು ಮುಚ್ಚಲು. ರೇಸ್ ಕಾರಿಗೆ ಅದಿಲ್ಲ. ಆ ತರಿತರಿಯನ್ನು 400, 600, 1000 ನಂಬರಿನ ಕಾಗದದಲ್ಲಿ ನೀರು ಹಾಕಿ ಉಜ್ಜಿ ನುಣುಪು ಮಾಡಬೇಕು. ಮೂತಿಯ ಹೆಡ್‌ಲೈಟ್ ಮುಚ್ಚಳದ ಗೆರೆಗಳಿಗೆ ಪುಟ್ಟಿ. ಟಿಎಸ್‌ನ ತೆಳು ಪದರ ಇಲ್ಲಿ ತಿರುಗಿಬೀಳುತ್ತದೆ, ಉಳಿದ ಒಂದು ಗೀರನ್ನೂ ಅದು ಮುಚ್ಚಿಡುವುದಿಲ್ಲ. ಫೆಬ್ರುವರಿಯ ಡೇಟೋನಾ ಕಾರು ಮಾಡುವವರು ಕಿಟಕಿಗೆ ಬಲೆ ಕಟ್ಟಬೇಡಿ. ಬಲೆ ಕಡ್ಡಾಯವಾದದ್ದು ಅದೇ ವರ್ಷದ ಮೇ ತಿಂಗಳಲ್ಲಿ ಡಾರ್ಲಿಂಗ್ಟನ್ ರೇಸಿನಲ್ಲಿ ಪೆಟ್ಟಿಯ ಕಾರು ಪಲ್ಟಿಯಾದ ಮೇಲೆ.

ಈಗ ತೇವದ ವಿಷಯ. ಲ್ಯಾಕರಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ನೀರು ಅಲ್ಲೇ ಕೂತು ಬಣ್ಣ ಹಾಲುಹಾಲಾಗುತ್ತದೆ. ಇದೇ ಬ್ಲಶಿಂಗ್. ನೀಲಿಯ ಮೇಲೆ ಇದು ಬೂಸ್ಟು ಹಿಡಿದಂತೆ ಕಾಣುತ್ತದೆ. ಅಗ್ಗದ ಡಿಜಿಟಲ್ ತೇವಮಾಪಕವೊಂದನ್ನು ಮೇಜಿನ ಮೇಲಿಡಿ. 65 ಶೇಕಡಾದ ಒಳಗಿದ್ದರೆ ನಿಶ್ಚಿಂತೆ. 75ರವರೆಗೆ ತೆಳು ಕೋಟು ನಡೆಯುತ್ತದೆ. 80 ದಾಟಿದರೆ ಡಬ್ಬಿ ಮುಟ್ಟಬೇಡಿ. ಕುಶಾಲನಗರದ ಕಡೆ ಮಳೆ ಕಡಿಮೆಯಾದ್ದರಿಂದ ಅಲ್ಲಿಯವರಿಗೆ ಮಳೆಗಾಲದಲ್ಲೂ ನಡುನಡುವೆ ಒಂದು ದಿನ ಸಿಕ್ಕೀತು. ಭಾಗಮಂಡಲದವರು ಆ ಆಸೆ ಬಿಡುವುದೇ ಲೇಸು.

ತಪ್ಪಿಸಲಾಗದೆ ಹೊಡೆಯಲೇಬೇಕಾದರೆ ಮುಚ್ಚಳವಿರುವ ದೊಡ್ಡ ಪೆಟ್ಟಿಗೆಯೊಳಗೆ 40 ವಾಟ್‌ನ ಹಳೆಯ ತಂತಿ ಬಲ್ಬು ಉರಿಸಿ (ಎಲ್‌ಇಡಿ ಅಷ್ಟು ಬಿಸಿಯಾಗದು), ಒಳಗಿನ ಬಿಸಿ 40 ಡಿಗ್ರಿ ಮೀರದಂತೆ ನೋಡಿಕೊಂಡು ಬಾಡಿಯನ್ನು ಅರ್ಧ ಗಂಟೆ ಇಡಿ. ಬಲ್ಬಿಗೆ ತೀರಾ ಹತ್ತಿರವಿಟ್ಟರೆ ಹಿಂದಿನ ರೆಕ್ಕೆಯ ಕಂಬಗಳೇ ಮೊದಲು ಸೊಟ್ಟಗಾಗುವುದು. ಕ್ಯಾನನ್ನು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಟ್ಟು, 20ರಿಂದ 25 ಸೆಂ.ಮೀ. ದೂರದಿಂದ ಮೊದಲೆರಡು ಕೋಟು ಮಂಜಿನಂತೆ, ಮೂರನೆಯದು ತುಸು ಒದ್ದೆಯಾಗಿ ಹೊಡೆಯಿರಿ. ಎರಡು ಕೋಟುಗಳ ನಡುವೆ ಹದಿನೈದು ನಿಮಿಷ ಬಿಡಿ. ಬಣ್ಣ ಬೆಚ್ಚಗಿನ ಪೆಟ್ಟಿಗೆಯಲ್ಲೇ ಒಣಗಲಿ, ಆದರೆ ಹೊಡೆದ ಕೂಡಲೇ ಅಲ್ಲ. ಆವಿ ಪೂರ್ತಿ ಹೋದ ಮೇಲೆ. ಹಂಡೆಯ ಒಲೆ ಉರಿಯುವ ಬಚ್ಚಲಿನ ಹತ್ತಿರವಂತೂ ಸುಳಿಯಬೇಡಿ, ಕ್ಯಾನಿನ ಅನಿಲಕ್ಕೆ ಕಿಡಿ ಸಾಕು. ಮಾಸ್ಕ್ ಕೂಡ ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವಂಥದ್ದೇ ಬೇಕು, ಬಟ್ಟೆಯದ್ದು ಪ್ರಯೋಜನವಿಲ್ಲ.

ಬಿಳಿ ಬಂದೇಬಿಟ್ಟರೆ ಉಜ್ಜಲು ಹೋಗಬೇಡಿ. ಒಣಹವೆಯ ದಿನಕ್ಕೆ ಕಾದು ಅದೇ ಬಣ್ಣದ ಒಂದು ತೆಳು ಕೋಟು ಕೊಟ್ಟರೆ ಎಷ್ಟೋ ಸಲ ಮಾಯವಾಗುತ್ತದೆ.

ಹವೆಯ ಲೆಕ್ಕದಲ್ಲಿ ಡಿಸೆಂಬರಿನಿಂದ ಫೆಬ್ರುವರಿ ಹೇಳಿಮಾಡಿಸಿದ ಕಾಲ. ಆದರೆ ಕಾಫಿ ಒಣಗುವ ಕಾಲವೂ ಅದೇ. ಕಣದಲ್ಲಿ ಚೆರಿ ಎಳೆಯುವ ಹೊತ್ತಿಗೆ ಏಳುವ ಸಿಪ್ಪೆಧೂಳು ಒದ್ದೆ ಕ್ಲಿಯರ್ (ಕೊನೆಗೆ ಹೊಡೆಯುವ ಬಣ್ಣವಿಲ್ಲದ ಹೊಳಪು ಪದರ) ಮೇಲೆ ಕೂತರೆ 2000 ನಂಬರಿನ ಕಾಗದ ಹಿಡಿಯದೆ ಬಿಡುಗಡೆಯಿಲ್ಲ. ಮುಂಜಾನೆ ಮಂಜು ಹರಿದು, ಕಣದ ಕೆಲಸ ಶುರುವಾಗುವುದರೊಳಗೆ ಮುಗಿಸಿಕೊಳ್ಳಬೇಕು.

ಟಿಎಸ್-13 ಕ್ಲಿಯರ್ ಬಗ್ಗೆ ಎಚ್ಚರ. ಹೊಳಪಿಗೆ ಸಾಟಿಯಿಲ್ಲ, ಆದರೆ ದ್ರಾವಕ ಖಾರ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಮೇಲೆ ಒಮ್ಮೆಲೇ ಒದ್ದೆಯಾಗಿ ಹೊಡೆದರೆ ಬಾಗಿಲಿನ ದೊಡ್ಡ ನಂಬರು ಸುಕ್ಕಾಗಿ ಕರಗುತ್ತದೆ. ನೀಲಿ ಒಂದು ವಾರ ಒಣಗಿದ ಮೇಲೆ ಹಿಡಿತ ಕೊಡುವ ಮೈಕ್ರೋ ಸೆಟ್ ದ್ರವ ಸವರಿ ಡೆಕಾಲ್ ಕೂರಿಸಿ, ಮೇಲೆ ಅದನ್ನು ಮೆದುಮಾಡುವ ಮೈಕ್ರೋ ಸಾಲ್ ಹಚ್ಚಿ. ಡೆಕಾಲ್ ಸುಕ್ಕಾದಂತೆ ಕಂಡರೂ ಬೆರಳು ತಾಗಿಸದಿರಿ, ಒಣಗುತ್ತಾ ತಾನೇ ಕೂರುತ್ತದೆ. ನಮ್ಮ ತೇವಕ್ಕೆ ಎರಡು ದಿನ ಬಿಡುವುದು ಕ್ಷೇಮ. ಆಮೇಲೆ ಕ್ಲಿಯರ್‌ನ ಮೂರು ಮಂಜಿನ ಕೋಟು, ಕೊನೆಗೊಂದೇ ಒದ್ದೆ ಕೋಟು.

ಮಳೆಗಾಲ ಹಾಗಂತ ವ್ಯರ್ಥವಲ್ಲ. ತಮಿಯಾ ಎಕ್ಸ್‌ಟ್ರಾ ಥಿನ್ ಅಂಟಿಗೆ ಮಳೆಯ ಹಂಗಿಲ್ಲ. ಚಾಲಕನನ್ನು ಕಾಯುವ ರೋಲ್ ಕೇಜಿನ ಪೈಪು ಒಂದೂಮುಕ್ಕಾಲು ಇಂಚು ಎಂದು ಹಿಡಿದರೆ 1/24ಕ್ಕೆ 1.85 ಮಿ.ಮೀ. ಪ್ಲಾಸ್ಟಿಕ್ ಕಡ್ಡಿ ಬೇಕು. 426 ಹೆಮಿ ಎಂಜಿನ್ನಿಗೆ ಎಂಟು ಪ್ಲಗ್ ವೈರು, ಕಾಯಿಲಿನದೊಂದು, ಸುಮಾರು 0.3 ಮಿ.ಮೀ. ದಪ್ಪ, ಡಿಸ್ಟ್ರಿಬ್ಯೂಟರಿನಿಂದ ಸಿಲಿಂಡರುಗಳಿಗೆ ಜೋಡಿಸುವ ಕ್ರಮ 1-8-4-3-6-5-7-2. ರಸ್ತೆ ಕಿಟ್‌ನ ಎರಡು ಕಾರ್ಬ್ಯುರೇಟರು ತೆಗೆದು ಒಂದೇ ನಾಲ್ಕು ಬ್ಯಾರಲ್ಲಿನದನ್ನು ಕೂರಿಸಿ. ಬೇರೆ ಕಿಟ್‌ನ ಚಾಸಿ ಬಳಸುವುದಾದರೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಅಳೆಯಿರಿ: ಅಸಲಿ ಕಾರಿನ 116 ಇಂಚು 1/24ರಲ್ಲಿ ಸುಮಾರು 123 ಮಿ.ಮೀ., 1/25ರಲ್ಲಿ 118. ಆ ಐದು ಮಿ.ಮೀ. ಚಕ್ರ ಮಡ್‌ಗಾರ್ಡಿನ ನಡುವಿಗೆ ಬರದಂತೆ ಮಾಡಿಬಿಡುತ್ತದೆ.

ಒಂದು ಕಾರಿಗೆ 100 ಮಿ.ಲೀ.ನ ಟಿಎಸ್-23 ಒಂದು, ಟಿಎಸ್-13 ಒಂದು, ಬಿಳಿ ಪ್ರೈಮರ್ ಒಂದು. ಮೂತಿ, ರೆಕ್ಕೆಗೂ ಸೇರಿ ಇಷ್ಟು ಸಾಕು. ಏರೋಸಾಲನ್ನು ಸಾಮಾನ್ಯ ಪಾರ್ಸೆಲಿನಂತೆ ವಿಮಾನದಲ್ಲಿ ಕಳಿಸುವಂತಿಲ್ಲವಾದ್ದರಿಂದ ಪಾರ್ಸೆಲ್ ರಸ್ತೆ ಮಾರ್ಗದಲ್ಲೇ ಬರಬೇಕು, ತಡವಾಗುತ್ತದೆ. ಪುತ್ತರಿ ಕಳೆದ ಮೇಲೆ ಬಣ್ಣಕ್ಕೆ ಕೂರುವವರು ತುಲಾ ಸಂಕ್ರಮಣದ ಹೊತ್ತಿಗೇ ಆರ್ಡರ್ ಹಾಕಲಿ.