ಡಿ ಅಂಡ್ ಡಿಯೋ, ಪಾತ್‌ಫೈಂಡರೋ?

ತುಮಕೂರಿನಲ್ಲಿ ನಾಲ್ಕೈದು ಗೆಳೆಯರು ಸೇರಿ ಫ್ಯಾಂಟಸಿ ರೋಲ್‌ಪ್ಲೇ ಆಟ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ) ಶುರು ಮಾಡಬೇಕು ಅಂತಿದ್ದರೆ, ಮೊದಲ ಪ್ರಶ್ನೆ ದುಡ್ಡಿನದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಟದ 2024ರ ಹೊಸ ನಿಯಮಗಳು ಮೂರು ದಪ್ಪ ಪುಸ್ತಕಗಳಲ್ಲಿವೆ. ಅವುಗಳಲ್ಲಿ ಕೊನೆಯದಾದ ರಾಕ್ಷಸರ ಪುಸ್ತಕ ಬಂದಿದ್ದು 2025ರ ಫೆಬ್ರವರಿಯಲ್ಲಿ. ಮೂಲ ನಿಯಮಗಳಷ್ಟೇ ಉಚಿತ. ಅದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯ ನಿಯಮಗಳು ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ, ಆರ್ಕೈವ್ಸ್ ಆಫ್ ನೆತಿಸ್ ಅನ್ನೋ ವೆಬ್‌ಸೈಟಿನಲ್ಲಿ ಕಾನೂನುಬದ್ಧವಾಗಿಯೇ ಪುಕ್ಕಟೆ ಸಿಗುತ್ತವೆ.

ಆದರೆ ನಿಜವಾದ ವ್ಯತ್ಯಾಸ ಇರೋದು ಆಟದಲ್ಲಿ. ಪಾತ್‌ಫೈಂಡರಿನಲ್ಲಿ ಪ್ರತಿ ಸರದಿಗೆ ಮೂರು ಆಕ್ಷನ್. ಮಧುಗಿರಿ ಕೋಟೆಯಂಥ ಕಡಿದಾದ ಬಂಡೆಯ ಮೇಲೆ ಕಾಳಗ ಅಂದುಕೊಳ್ಳಿ. ಒಂದರಲ್ಲಿ ಮುಂದೆ ಸರಿಯಬಹುದು, ಇನ್ನೊಂದರಲ್ಲಿ ಹೊಡೆಯಬಹುದು, ಮೂರನೆಯದರಲ್ಲಿ ಗುರಾಣಿ ಎತ್ತಬಹುದು. ಪ್ರತಿ ಹೆಜ್ಜೆಗೂ ಬೆಲೆಯಿದೆ, ನನಗೆ ಅದೇ ತುಂಬಾ ಇಷ್ಟ. ದಾಳ ಉರುಳಿಸಿದಾಗ ಬೇಕಾದ ಅಂಕಕ್ಕಿಂತ 10 ಅಥವಾ ಇನ್ನೂ ಜಾಸ್ತಿ ಬಂದರೆ ಅದು ಕ್ರಿಟಿಕಲ್, ಅಂದರೆ ಭರ್ಜರಿ ಯಶಸ್ಸು. ಲೆಕ್ಕ ಜಾಸ್ತಿ, ನಿಜ.

ಡಿ ಅಂಡ್ ಡಿಯಲ್ಲಿ ಪರಿಸ್ಥಿತಿ ನಿಮ್ಮ ಕಡೆ ಇದ್ದರೆ 20 ಮುಖದ ಎರಡು ದಾಳ ಉರುಳಿಸಿ, ದೊಡ್ಡದನ್ನು ಇಟ್ಟುಕೊಂಡರೆ ಆಯ್ತು. ಕಥೆ ಓಡುತ್ತದೆ.

ಒಬ್ಬರು ಇಂಗ್ಲಿಷ್ ನಿಯಮ ಓದಿಕೊಂಡು ಕನ್ನಡದಲ್ಲಿ ಆಡಿಸಿದರೆ ಸಾಕು ಅಲ್ವಾ? ಎಲ್ಲರೂ ಹೊಸಬರಾದರೆ ಡಿ ಅಂಡ್ ಡಿಯ ಉಚಿತ ನಿಯಮಗಳಿಂದ ಶುರು ಮಾಡಿ. ಯೋಚಿಸಿ ನಡೆ ಇಡೋದು ಇಷ್ಟವಾದರೆ ಪಾತ್‌ಫೈಂಡರ್ ಆರಿಸಿ, ಪುಸ್ತಕಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.