ಮಕ್ಕಳ ಪಾಸ್‌ಪೋರ್ಟಿನ ದಿನಾಂಕ ನೋಡದೆ ಟೂರ್ ಪ್ಯಾಕೇಜಿಗೆ ಹಣ ಕೊಡಬೇಡಿ

ಮೊನ್ನೆ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಟೀಚರ್ ಒಬ್ಬರು ಫೋನ್ ತೋರಿಸಿದರು. ಎರಡು ಎತ್ತರದ ಗೋಪುರಗಳ ಚಿತ್ರ, ಕೆಳಗೆ 'ಕೌಲಾಲಂಪುರ, 3 ರಾತ್ರಿ 4 ಹಗಲು', ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ರೇಟು. "ಟೀಚರೇ, ಡಿಸೆಂಬರ್ ರಜೆಗೆ ಮಗನನ್ನು ಕರಕೊಂಡು ಹೋಗುವಾ ಅಂತ ಇದ್ದೇವೆ. ಇವತ್ತೇ ಹಣ ಕಟ್ಟಿದರೆ ಮಾತ್ರ ಈ ರೇಟಂತೆ" ಅಂದರು. ನನಗೆ ಎದೆ ಧಸಕ್ಕೆಂದಿತು. ಒಂದೂವರೆ ವರ್ಷದ ಹಿಂದೆ ಹೆಚ್ಚುಕಡಿಮೆ ಇಂಥದ್ದೇ ಪೋಸ್ಟರ್ ನೋಡಿ ನಾನೂ ಹಣ ಕಟ್ಟಿದ್ದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹದಿಹರೆಯದ ಮಕ್ಕಳು ಇರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ಕನ್ನಡ ಶಾಲೆಯಲ್ಲಿ ಟೀಚರ್. ನಮ್ಮವರು ಶಾರ್ಜಾದಲ್ಲಿ ಕೆಲಸದಲ್ಲಿದ್ದಾರೆ. ಮಗಳು 2024ರ ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಬರೆದಳು. ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೇ ಎಲ್ಲಾದರೂ ಹೋಗಿ ಬರೋಣ ಅಂತ ಒಂಬತ್ತನೇ ಕ್ಲಾಸಿನಲ್ಲೇ ಮಾತು ಕೊಟ್ಟಿದ್ದೆ. ಎರಡು ವರ್ಷ ಮಾರದೆ ಇಟ್ಟಿದ್ದ ಚಾಲಿ ಅಡಿಕೆ ಕೊಟ್ಟು ಹಣ ಜೋಡಿಸಿದೆ.

ಕೌಲಾಲಂಪುರ ಆರಿಸಿದ್ದು ಮಗಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. 2023ರ ಡಿಸೆಂಬರ್ 1ರಿಂದ ಭಾರತದವರಿಗೆ ಮಲೇಷ್ಯಾಕ್ಕೆ 30 ದಿನದವರೆಗೆ ವೀಸಾ ಬೇಡ. ಕೊಚ್ಚಿಯಿಂದ ನೇರ ವಿಮಾನ ಇದೆ. ಊಟ, ತಿರುಗಾಟ ಸಿಂಗಾಪುರದಷ್ಟು ದುಬಾರಿಯಲ್ಲ. ಅಲ್ಲಿಯ ಹಣ ರಿಂಗಿಟ್, ಆಗ ಒಂದು ರಿಂಗಿಟ್‌ಗೆ 17-18 ರೂಪಾಯಿ. ಅವಳು ಹಳೆ ನೋಟ್ ಬುಕ್ಕಿನ ಕೊನೆಯ ಪುಟಗಳಲ್ಲಿ ಗೆರೆ ಎಳೆದು, ಒಂದು ಕಡೆ ರಿಂಗಿಟ್, ಇನ್ನೊಂದು ಕಡೆ ರೂಪಾಯಿ ಬರೆದಿಟ್ಟಿದ್ದಳು. ಬಾಟು ಗುಹೆಯ ಮುರುಗನ್ ದೇವಸ್ಥಾನದ ಎದುರು 'ಟಿಕೆಟ್ ಇಲ್ಲ, 272 ಮೆಟ್ಟಿಲು, ಅಮ್ಮನಿಗೆ' ಅಂತ ಬರೆದಿತ್ತು.

ಹಾಗಾದರೆ ನಾವೇ ಟಿಕೆಟ್ ತೆಗೆಯಬಹುದಿತ್ತು ಅಲ್ವಾ? ನನಗೆ ಧೈರ್ಯ ಸಾಲಲಿಲ್ಲ. ಗಂಡಸರು ಜೊತೆಗಿಲ್ಲ, ಮಗಳನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೋಗುವುದು, ಏಜೆಂಟ್ ಇದ್ದರೆ ಒಂದು ಆಧಾರ ಅನ್ನಿಸಿತು. ಅವನೇನು ಅಪರಿಚಿತನೂ ಅಲ್ಲ. ನಾನು ಅಕ್ಷರ ಕಲಿಸಿದ ಹುಡುಗಿಯೊಬ್ಬಳ ಅಣ್ಣ. ಹೆಸರು ಬರೆಯುವುದಿಲ್ಲ, ವಿಷಯ ಈಗ ಗ್ರಾಹಕರ ಆಯೋಗದ ಮುಂದಿದೆ. "ಟೀಚರೇ, ನೀವು ಬ್ಯಾಗ್ ಕಟ್ಟಿಕೊಂಡು ಬನ್ನಿ ಸಾಕು, ಬಾಕಿ ಎಲ್ಲಾ ನನ್ನ ಜವಾಬ್ದಾರಿ" ಅಂದ. ಈ ಮಾತು ಅವನು ವಾಯ್ಸ್ ಮೆಸೇಜಿನಲ್ಲೂ ಹೇಳಿದ್ದಾನೆ. ಅದನ್ನು ನಾನು ಅಳಿಸಿರಲಿಲ್ಲ, ಒಳ್ಳೆಯದಾಯಿತು.

ತಲೆಗೆ 36,500ರಂತೆ ಇಬ್ಬರಿಗೆ 73,000. ಅದರ ಮೇಲೆ 'ವೀಸಾ ಮತ್ತು ಅರೈವಲ್ ಕಾರ್ಡ್' ಅಂತ ತಲೆಗೆ 3,200. ವೀಸಾ ಇಲ್ಲ ಅಲ್ವಾ ಅಂತ ಮಗಳು ಕೇಳಿದ್ದಕ್ಕೆ "ಫ್ರೀ ವೀಸಾಕ್ಕೂ ಪ್ರೊಸೆಸಿಂಗ್ ಉಂಟು ಮೋಳೇ (ಮಗಳೇ)" ಅಂದ. ಮತ್ತೆ ಟಿಸಿಎಸ್ ಅಂತ, ಅಂದರೆ ಟೂರ್ ಮಾರುವವರು ನಮ್ಮಿಂದ ಮೊದಲೇ ಹಿಡಿಯುವ ಆದಾಯ ತೆರಿಗೆ, ಶೇಕಡಾ 5, ಅದು 3,650. ಎಲ್ಲಾ ಸೇರಿ 83,050 ರೂಪಾಯಿ. ಒಂದೇ ದಿನ ಗೂಗಲ್ ಪೇಯಲ್ಲಿ ಹಾಕಿದೆ. ಇಬ್ಬರ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಕೇಳಿದ, ಕಳುಹಿಸಿದೆ. 'ಓಕೆ ಟೀಚರ್' ಅಂತ ಉತ್ತರ ಬಂತು.

ಏಪ್ರಿಲ್ 26ಕ್ಕೆ ಲೋಕಸಭಾ ಚುನಾವಣೆಯ ಡ್ಯೂಟಿ ಮುಗಿಸಿದೆ. ಹೊರದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪತ್ರ ಮೊದಲೇ ಕೈಗೆ ಬಂದಿತ್ತು. 29ರ ಬೆಳಗ್ಗೆ ಕಾಸರಗೋಡಿನಲ್ಲಿ ಪರಶುರಾಮ ಎಕ್ಸ್‌ಪ್ರೆಸ್ ಹತ್ತಿ, ಮಧ್ಯಾಹ್ನ ಆಲುವಾದಲ್ಲಿ ಇಳಿದೆವು. ವಿಮಾನ ಮಧ್ಯರಾತ್ರಿ ಕಳೆದ ಮೇಲೆ. ರಾತ್ರಿ ಒಂಬತ್ತಕ್ಕೇ ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣದಲ್ಲಿ ಹೋಗಿ ಕೂತೆವು. ಮಗಳು ಹೊಸ ಬಿಳಿ ಶೂ ಹಾಕಿದ್ದಳು. ಕೊಳೆಯಾಗಬಾರದು ಅಂತ ರೈಲಿನಲ್ಲಿ ಅದನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಕೌಂಟರಿನಲ್ಲಿ ಇದ್ದ ಹುಡುಗಿ ನನ್ನ ಪಾಸ್‌ಪೋರ್ಟ್ ನೋಡಿ ಪಕ್ಕಕ್ಕಿಟ್ಟಳು. ಮಗಳದ್ದು ತೆರೆದಳು. ಅವಳ ಉಗುರು ಒಂದು ಸಾಲಿನ ಕೆಳಗೆ ನಿಂತಿತು. ಕಂಪ್ಯೂಟರ್ ನೋಡಿದಳು, ಮತ್ತೆ ಅದೇ ಸಾಲು ನೋಡಿದಳು. ಆಮೇಲೆ ಹಿಂದೆ ತಿರುಗಿ ಯಾರನ್ನೋ ಕರೆದಳು. ಬಂದವರು ಮೆಲ್ಲಗೆ ಮಲಯಾಳದಲ್ಲಿ ಹೇಳಿದರು, "ಚೇಚೀ (ಅಕ್ಕಾ), ಮಗಳ ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಬಾಕಿ ಇಲ್ಲವಲ್ಲ. ಹತ್ತಿಸಲಿಕ್ಕೆ ಆಗುವುದಿಲ್ಲ."

ಆ ಪಾಸ್‌ಪೋರ್ಟ್ ಮಾಡಿಸಿದ್ದು 2019ರ ಆಗಸ್ಟಿನಲ್ಲಿ, ಆ ವರ್ಷದ ಕ್ರಿಸ್ಮಸ್ ರಜೆಗೆ ಶಾರ್ಜಾಕ್ಕೆ ಹೋಗಲು. ನನ್ನದು ಹತ್ತು ವರ್ಷದ್ದು. ಮಗಳದ್ದೂ ಹಾಗೇ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ 15 ತುಂಬದ ಮಕ್ಕಳ ಪಾಸ್‌ಪೋರ್ಟಿಗೆ ಇರುವುದು ಐದೇ ವರ್ಷ, ಅದಕ್ಕೆ ಮೊದಲು 18 ತುಂಬಿದರೆ ಅಲ್ಲಿಗೇ ಮುಗಿಯುತ್ತದೆ. ಮಗಳದ್ದು 2024ರ ಆಗಸ್ಟಿಗೆ ಮುಗಿಯುತ್ತಿತ್ತು. ಮಲೇಷ್ಯಾಕ್ಕೆ ಕಾಲಿಡುವ ದಿನ ಪಾಸ್‌ಪೋರ್ಟಿನಲ್ಲಿ ಕಡಿಮೆಯೆಂದರೆ ಆರು ತಿಂಗಳು ಉಳಿದಿರಬೇಕು. ನಮ್ಮಲ್ಲಿ ಇದ್ದದ್ದು ಮೂರು ತಿಂಗಳು ಚಿಲ್ಲರೆ. ಸಿಂಗಾಪುರ, ಥಾಯ್ಲೆಂಡ್ ಯಾವುದಕ್ಕೆ ಹೋಗುವುದಾದರೂ ಈ ಆರು ತಿಂಗಳನ್ನು ನೋಡಿಯೇ ಹೊರಡಬೇಕು. ಅಲ್ಲಿ ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಭಾರ ವಿಮಾನದವರ ಮೇಲೆಯೇ ಬೀಳುತ್ತದೆ. ಅದಕ್ಕೇ ಅವರು ಇಲ್ಲೇ ತಡೆಯುತ್ತಾರೆ. ಅವರನ್ನು ನಾನು ದೂರುವುದಿಲ್ಲ, ಅವರು ನಮ್ಮ ಹತ್ತಿರ ತುಂಬಾ ಮರ್ಯಾದೆಯಿಂದ ಮಾತಾಡಿದರು.

ಏಜೆಂಟನಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಮಗಳು ಏನೂ ಮಾತಾಡದೆ ಬ್ಯಾಗನ್ನು ತಳ್ಳಿಕೊಂಡು ಬಂದು ಒಂದು ಕಂಬದ ಹತ್ತಿರ ಕೂತಳು. ಸ್ವಲ್ಪ ಹೊತ್ತಿನ ಮೇಲೆ "ನನ್ನ ಪಾಸ್‌ಪೋರ್ಟಿನಿಂದ ಹೀಗಾಯ್ತು ಅಲ್ವಾ ಅಮ್ಮ" ಅಂದಳು. ಎಂಬತ್ತಮೂರು ಸಾವಿರ ಹೋದದ್ದಕ್ಕಿಂತ ಆ ಮಾತು ಜಾಸ್ತಿ ನೋಯಿಸಿತು. ಅವಳದ್ದು ಒಂದಿಷ್ಟೂ ತಪ್ಪಿಲ್ಲ. ಬೆಳಗಾಗುವವರೆಗೆ ಅಲ್ಲೇ ಕೂತೆವು. ದಾರಿಗೆಂದು ಕರಿದು ತಂದಿದ್ದ ಹಲಸಿನ ಹಪ್ಪಳದ ಡಬ್ಬವನ್ನು ಇಬ್ಬರೂ ಮುಟ್ಟಲಿಲ್ಲ. ಊರಿಗೆ ಮುಟ್ಟಿದ ಮೇಲೆ ಅತ್ತೆ ಅದನ್ನು ಒಳಗೆ ತೆಗೆದಿಟ್ಟರು, ಏನೂ ಕೇಳಲಿಲ್ಲ.

ಮರುದಿನ ಏಜೆಂಟ್ ಸಿಕ್ಕಿದ. "ಪಾಸ್‌ಪೋರ್ಟ್ ನೋಡಿಕೊಳ್ಳುವುದು ಪ್ಯಾಸೆಂಜರ್ ಜವಾಬ್ದಾರಿ, ಬಿಲ್ಲಿನ ಹಿಂದೆ ಬರೆದಿದೆ" ಅಂದ. ತಿರುಗಿಸಿ ನೋಡಿದರೆ ಹೌದು, ಇಂಗ್ಲಿಷಿನಲ್ಲಿ ಅಕ್ಕಿ ನುಚ್ಚಿನಷ್ಟು ಸಣ್ಣ ಅಕ್ಷರ. ದಿನಾಂಕ ನೋಡದೆ ಇದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಎರಡು ಪಾಸ್‌ಪೋರ್ಟಿನ ಫೋಟೋ ಕೈಯಲ್ಲಿ ಇಟ್ಟುಕೊಂಡು, ದಿನಾ ಇದೇ ಕೆಲಸ ಮಾಡುವವನಿಗೆ ಅದು ಕಾಣಲಿಲ್ಲವಾ? ಒಂದು ಮಾತು ಹೇಳಿದ್ದರೆ ಮಾರ್ಚಿನಲ್ಲೇ ತತ್ಕಾಲ್‌ನಲ್ಲಿ ಹೊಸದು ಮಾಡಿಸುತ್ತಿದ್ದೆ. ಅದಕ್ಕೆ ಮೇಲಿನಿಂದ 2,000 ರೂಪಾಯಿ ಆಗುತ್ತಿತ್ತು, ಅಷ್ಟೇ.

ಆಮೇಲೆ ಒಂದೊಂದೇ ಹೊರಗೆ ಬಂತು. ಅರೈವಲ್ ಕಾರ್ಡ್ ಅನ್ನುವುದು ಮಲೇಷ್ಯಾದ ಇಮಿಗ್ರೇಷನ್ ವೆಬ್‌ಸೈಟಿನಲ್ಲಿ ನಾವೇ ತುಂಬುವ ಫಾರ್ಮು, ಅಲ್ಲಿಗೆ ಮುಟ್ಟುವ ಮೊದಲಿನ ಮೂರು ದಿನದೊಳಗೆ ತುಂಬಬೇಕು. ಒಂದು ಪೈಸೆ ಇಲ್ಲ. (ಹಣ ಕೇಳುವ ನಕಲಿ ವೆಬ್‌ಸೈಟುಗಳೂ ಇವೆ, ಜಾಗ್ರತೆ.) ಟಿಸಿಎಸ್ ಅಂತ ತೆಗೆದ ಹಣ ನಮ್ಮ ಪಾನ್ ನಂಬರಿಗೆ ಜಮಾ ಆಗಬೇಕು, ಅದು ಆದಾಯ ತೆರಿಗೆಯ ವೆಬ್‌ಸೈಟಿನಲ್ಲಿ ನಮ್ಮ ಖಾತೆಯಲ್ಲಿ ಕಾಣುತ್ತದೆ, ರಿಟರ್ನ್ ಹಾಕುವಾಗ ನಮ್ಮ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಅವನು ನನ್ನ ಪಾನ್ ಕೇಳಿಯೇ ಇರಲಿಲ್ಲ. ಪಾನ್ ಕೇಳದೆ ಟಿಸಿಎಸ್ ತೆಗೆದರೆ ಅಲ್ಲೇ ಸಂಶಯ ಪಡಿ. ಹೋಟೆಲಿಗೆ ಮಗಳೇ ಮೇಲ್ ಬರೆದಳು. ರೂಮು ನಮ್ಮ ಹೆಸರಲ್ಲಿ ಬುಕ್ ಆದದ್ದು ನಿಜ, ಹಣ ಮಾತ್ರ ಕಟ್ಟಿರಲಿಲ್ಲ, ಬಂದ ಮೇಲೆ ಕೊಡುವ ಬುಕಿಂಗ್ ಅಂತ ಉತ್ತರ ಬಂತು. ಅಂದರೆ ನಾವು ಹೋಗಿದ್ದರೂ ಆ ಪರದೇಶದಲ್ಲಿ ರೂಮಿನ ಬಾಡಿಗೆಯನ್ನು ಇನ್ನೊಂದು ಸಲ ಕೊಡಬೇಕಿತ್ತು! ಅದನ್ನು ನೆನೆಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಟಿಕೆಟ್ ರಿಫಂಡ್ ಇಲ್ಲದ್ದು. ಆದರೂ ಒಂದು ವಿಷಯ ತಿಳಿದಿರಲಿ: ಎಂಥ ಅಗ್ಗದ ಟಿಕೆಟ್ ಆದರೂ, ಪ್ರಯಾಣ ಮಾಡದೆ ಇದ್ದರೆ ಅದರಲ್ಲಿರುವ ಸರಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ವಾಪಸ್ ಕೊಡಬೇಕು, ಇದು ವಿಮಾನಯಾನವನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಕೇಳದಿದ್ದರೆ ಯಾರೂ ಮನೆಗೆ ತಂದು ಕೊಡುವುದಿಲ್ಲ. ವಿಮಾನದವರಿಗೆ ಬರೆದ ಮೇಲೆ ಇಬ್ಬರದ್ದೂ ಸೇರಿ ನಾಲ್ಕು ಸಾವಿರ ಚಿಲ್ಲರೆ ಬಂತು.

1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಯಾವ ಆಫೀಸಿಗೆ ಹೋದರೂ ಫಾರ್ಮು ಮಲಯಾಳದಲ್ಲಿ, ಕಾನೂನಿನ ಮಾತು ಇಂಗ್ಲಿಷಿನಲ್ಲಿ. ಎಷ್ಟೋ ಹೆಂಗಸರು ಅದಕ್ಕೇ ಹೆದರಿ ಸುಮ್ನೆ ಇದ್ದುಬಿಡುತ್ತಾರೆ. ಆ ದೂರಿನ ಮೇಲೆ ಏಜೆಂಟ್ 'ವೀಸಾ' ಹಣ 6,400 ಮತ್ತು ಟಿಸಿಎಸ್ 3,650, ಒಟ್ಟು 10,050 ರೂಪಾಯಿ ವಾಪಸ್ ಹಾಕಿದ. ಉಳಿದದ್ದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ನಾವು ಕೊಟ್ಟ ಹಣ ಐದು ಲಕ್ಷದ ಒಳಗಾದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ವಾಯ್ಸ್ ಮೆಸೇಜ್, ಗೂಗಲ್ ಪೇ ಸ್ಕ್ರೀನ್‌ಶಾಟ್, ಹೋಟೆಲಿನ ಮೇಲ್ ಎಲ್ಲಾ ಹಾಕಿದ್ದೇನೆ. ಏನಾಗುತ್ತದೋ ನೋಡಬೇಕು.

ಮಗಳ ಹೊಸ ಪಾಸ್‌ಪೋರ್ಟಿಗೆ ಕಾಸರಗೋಡಿನ ಪೋಸ್ಟ್ ಆಫೀಸಿನಲ್ಲಿರುವ ಕೇಂದ್ರಕ್ಕೆ ಹೋದೆವು. ಗಲ್ಫಿನಲ್ಲಿ ಗಂಡ ಇರುವವರು ಇದನ್ನು ಗಮನಿಸಿ. ಮಗುವಿಗೆ 18 ತುಂಬದಿದ್ದರೆ ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು, ಅದು ಅನೆಕ್ಸರ್ ಡಿ ಅನ್ನುವ ಫಾರ್ಮು. ನಮ್ಮವರು ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ಅದನ್ನು ದೃಢೀಕರಿಸಿ ಕಳುಹಿಸಿದರು. ಅದು ಬರುವುದಕ್ಕೆ ದಿನ ಹಿಡಿಯುತ್ತದೆ, ಹೊರಡುವ ತಿಂಗಳಿನಲ್ಲಿ ಓಡಾಡಿದರೆ ಆಗುವುದಿಲ್ಲ. ಇನ್ನೊಂದು: 15 ತುಂಬಿದ ಮಕ್ಕಳಿಗೆ ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು. ನಾವು 1,500 ರೂಪಾಯಿ ಕಟ್ಟಿ ಅದನ್ನೇ ತೆಗೆದೆವು.

2025ರ ಏಪ್ರಿಲಿನಲ್ಲಿ, ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಪರೀಕ್ಷೆ ಮುಗಿದ ಮೇಲೆ, ನಾವಿಬ್ಬರೂ ಕೌಲಾಲಂಪುರಕ್ಕೆ ಹೋಗಿ ಬಂದೆವು. ಟಿಕೆಟ್, ರೂಮು ಎಲ್ಲಾ ಮಗಳೇ ನೋಡಿದಳು, ಹಣ ಕಟ್ಟುವಾಗ ನಾನು ಪಕ್ಕದಲ್ಲಿ ಕೂತೆ. ಎಲ್ಲಾ ಸೇರಿ ಇಬ್ಬರಿಗೆ 58,000 ಆಯಿತು. ನಗರದೊಳಗೆ ತಿರುಗಲು ಗೋ ಕೆಎಲ್ ಅಂತ ಬಸ್ಸು ಇದೆ. ಬಾಟು ಗುಹೆಯ ಬುಡಕ್ಕೇ ರೈಲು ಹೋಗುತ್ತದೆ. ಏರ್‌ಪೋರ್ಟಿನಿಂದ ಊರೊಳಗೆ ಬರುವ ಎಕ್ಸ್‌ಪ್ರೆಸ್ ರೈಲಿಗೆ 55 ರಿಂಗಿಟ್, 28 ನಿಮಿಷ. ಬಸ್ಸು ನಿಧಾನ, ಆದರೆ ತುಂಬಾ ಅಗ್ಗ. ನಾವು ಬಸ್ಸಿನಲ್ಲಿ ಬಂದೆವು. ಹೋಟೆಲಿನಲ್ಲಿ ವಿದೇಶದವರಿಗೆ ಒಂದು ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸ ತೆರಿಗೆ ಬೇರೆ ಇದೆ, ಅದು ಪೋಸ್ಟರಿನ ರೇಟಿನಲ್ಲಿ ಸೇರಿದೆಯಾ ಅಂತ ಕೇಳಿ. ಮಗಳನ್ನು ಕರಕೊಂಡು ಹೋಗಲು ಒಪ್ಪಿಗೆ ಇದೆ ಅಂತ ನಮ್ಮವರ ಒಂದು ಪತ್ರವನ್ನೂ ಇಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ, ನನ್ನ ಸಮಾಧಾನಕ್ಕೆ.

ಆ ಹೊಸ ಟೀಚರ್ ಮನೆಗೆ ಹೋದವರೇ ಮಗನ ಪಾಸ್‌ಪೋರ್ಟಿನ ಫೋಟೋ ಕಳುಹಿಸಿದರು. ಹುಡುಗನಿಗೆ ಹನ್ನೆರಡು ವರ್ಷ. ಪಾಸ್‌ಪೋರ್ಟ್ ಮಾರ್ಚಿಗೆ ಮುಗಿಯುತ್ತದೆ. ಅವರು ಹೊರಟದ್ದು ಡಿಸೆಂಬರ್ 23ಕ್ಕೆ. ಹಣ ಇನ್ನೂ ಕಟ್ಟಿಲ್ಲ.